ಘಾಟಿಯಲ್ಲಿ ಮಾತ್ರ ಕುದಿಯುವ ಅಂಬಾಸಿಡರ್

ಹಳೇ ಕಾರು ಬಿಸಿ ಆಗುತ್ತೆ, ಪಿಕಪ್ ಇಲ್ಲ, ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತೆ. ಈ ಮೂರು ದೂರು ಒಟ್ಟಿಗೆ ಬಂದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ಬಿಲ್ ಆಗುತ್ತೆ. ಬಿಸಿಗೆ ರೇಡಿಯೇಟರ್ ಕ್ಲೀನಿಂಗ್, ಪೆಟ್ರೋಲಿಗೆ ಕಾರ್ಬುರೇಟರ್ ಸರ್ವಿಸ್, ಪಿಕಪ್ಪಿಗೆ ‘ಎಂಜಿನ್ ಬೋರಿಂಗ್ ಮಾಡಿಸ್ಬೇಕು ಸಾರ್’ ಅನ್ನೋ ಮಾತು. ಆದರೆ ಮೂರಕ್ಕೂ ಕಾರಣ ಒಂದೇ ಇರಬಹುದು. ಅದನ್ನು ಕಂಡುಹಿಡಿಯೋಕೆ ಬೇಕಾಗಿರೋದು ಒಂದು ಬಲ್ಬು, ಒಂದು ಫೀಲರ್ ಗೇಜ್, ಸಿಕ್ಕಿದರೆ ಒಂದು ಟೈಮಿಂಗ್ ಲೈಟ್, ಮತ್ತೆ ಒಂದು ಭಾನುವಾರದ ಬೆಳಗ್ಗೆ. ಆ ಕಾರಣದ ಹೆಸರು ಇಗ್ನಿಷನ್ ಟೈಮಿಂಗ್. ಅಂದರೆ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರೋ ಗಳಿಗೆ.

ನಾನು ಇಲ್ಲಿ ಬರೀತಿರೋದು ಪೆಟ್ರೋಲ್ ಅಂಬಾಸಿಡರ್ ಬಗ್ಗೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಇಂಗ್ಲಿಷ್ ಕಾರಿನ ಅವತಾರ ಇದು. 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಯ್ತು. ಇದರಲ್ಲಿ ದಶಕಗಳ ಕಾಲ ಇದ್ದದ್ದು 1489 ಸಿಸಿಯ ಬಿ.ಎಂ.ಸಿ. ಬಿ-ಸೀರೀಸ್ ಎಂಜಿನ್. ಎಂ.ಜಿ.ಬಿ. ಅನ್ನೋ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೂಡ ಇದೇ ಮನೆತನದ್ದು, ಹಾಗಾಗಿ ಈ ಎಂಜಿನ್ ಬಗ್ಗೆ ಓದೋಕೆ ಬೇಕಾದಷ್ಟು ಸಿಗುತ್ತೆ. ಇನ್ನೊಂದು ವಿಷಯ: 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅನ್ನೋ ಅಕ್ಷರ ಬರುತ್ತೆ. ಅಂದರೆ ಊರ ಕಡೆ ಕೊಟ್ಟಿಗೆ ಪಕ್ಕ ನಿಂತಿರೋ ಎಷ್ಟೋ ಅಂಬಾಸಿಡರ್‌ಗಳು ಈಗ ಕಾನೂನಿನ ಲೆಕ್ಕದಲ್ಲೂ ವಿಂಟೇಜ್ ಆಗೋ ವಯಸ್ಸಿಗೆ ಬಂದಿವೆ. ಅವು ರಿಜಿಸ್ಟ್ರೇಷನ್ ಕಡೆ ಹೋಗ್ತಾವಾ, ಗುಜರಿ ಕಡೆ ಹೋಗ್ತಾವಾ ಅನ್ನೋದು ಎಷ್ಟೋ ಸಲ ಇಂಥ ಚಿಕ್ಕ ರೋಗನಿರ್ಣಯದ ಮೇಲೆ ನಿಂತಿರುತ್ತೆ.

ಕಿಡಿ ಯಾಕೆ ಮುಂಚೆಯೇ ಹಾರಬೇಕು?

ಪಠ್ಯಪುಸ್ತಕದ ಆಟೋ ಸೈಕಲ್ ಚಿತ್ರದಲ್ಲಿ ಪಿಸ್ಟನ್ ಮೇಲಿನ ತುದಿಗೆ ಬರುತ್ತೆ, ಕಿಡಿ ಹಾರುತ್ತೆ, ಒತ್ತಡ ನೆಟ್ಟಗೆ ಮೇಲಕ್ಕೆ ಏರುತ್ತೆ. ಆ ನೆಟ್ಟಗಿನ ಗೆರೆ ನೋಡಿ ಪೆಟ್ರೋಲ್ ಒಂದೇ ಕ್ಷಣದಲ್ಲಿ ಢಂ ಅಂತ ಉರಿಯುತ್ತೆ ಅಂದ್ಕೋತೀವಿ. ನಿಜವಾದ ಎಂಜಿನ್‌ನಲ್ಲಿ ಹಾಗಾಗಲ್ಲ. ಪ್ಲಗ್ ಹತ್ತಿರ ಹುಟ್ಟಿದ ಉರಿ ಒಣ ಹುಲ್ಲಿಗೆ ಬೆಂಕಿ ಹಿಡಿದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು. ಅದಕ್ಕೆ ಸಮಯ ಬೇಕು. ಲೆಕ್ಕ ಸುಲಭ ಆಗಲಿ ಅಂತ 2 ಮಿಲಿಸೆಕೆಂಡ್ ಅಂತ ಇಟ್ಕೊಳ್ಳೋಣ.

ಎಂಜಿನ್ ಐಡ್ಲಿಂಗ್‌ನಲ್ಲಿ 750 ಆರ್‌ಪಿಎಂ ತಿರುಗ್ತಿದ್ದರೆ ಕ್ರ್ಯಾಂಕ್ ಒಂದು ಸೆಕೆಂಡಿಗೆ ಹನ್ನೆರಡೂವರೆ ಸುತ್ತು, ಅಂದರೆ 4500 ಡಿಗ್ರಿ ತಿರುಗುತ್ತೆ. 2 ಮಿಲಿಸೆಕೆಂಡಿನಲ್ಲಿ 9 ಡಿಗ್ರಿ. ಅದೇ ಎಂಜಿನ್ 3000 ಆರ್‌ಪಿಎಂಗೆ ಹೋದರೆ ಸೆಕೆಂಡಿಗೆ 18,000 ಡಿಗ್ರಿ, ಅಷ್ಟೇ 2 ಮಿಲಿಸೆಕೆಂಡಿನಲ್ಲಿ 36 ಡಿಗ್ರಿ! ಉರಿ ಹಬ್ಬೋ ಹೊತ್ತಿಗೆ ಪಿಸ್ಟನ್ ನಾಲ್ಕು ಪಟ್ಟು ದೂರ ಓಡಿರುತ್ತೆ. ಒತ್ತಡದ ತುತ್ತತುದಿ ಪಿಸ್ಟನ್ ಮೇಲಿನ ತುದಿ ದಾಟಿ ಸುಮಾರು 10ರಿಂದ 15 ಡಿಗ್ರಿ ಕೆಳಗಿಳಿದಾಗ ಬಂದರೆ ಕ್ರ್ಯಾಂಕಿಗೆ ಒಳ್ಳೆ ನೂಕು ಸಿಗುತ್ತೆ. ಹಾಗೆ ಬರಬೇಕು ಅಂದರೆ ವೇಗ ಹೆಚ್ಚಿದ ಹಾಗೆ ಕಿಡಿ ಮುಂಚೆ ಮುಂಚೆ ಹಾರ್ತಾ ಹೋಗಬೇಕು. ಇದನ್ನೇ ಅಡ್ವಾನ್ಸ್ ಅನ್ನೋದು. (ಆರ್‌ಪಿಎಂ ಜಾಸ್ತಿ ಆದಾಗ ಒಳಗಿನ ಗಾಳಿ ಹೆಚ್ಚು ಕದಡಿ ಉರಿಯೂ ಚುರುಕಾಗುತ್ತೆ. ಹಾಗಾಗಿ ನಿಜಕ್ಕೂ ಬೇಕಾಗೋದು ನಾಲ್ಕು ಪಟ್ಟು ಅಲ್ಲ, ಅದಕ್ಕಿಂತ ಕಡಿಮೆ. ನನ್ನ ಲೆಕ್ಕ ದಿಕ್ಕು ತೋರಿಸೋಕೆ ಮಾತ್ರ.)

ಇಲ್ಲಿಂದಲೇ ಮುಖ್ಯ ಮಾತು ಬರುತ್ತೆ: ಟೈಮಿಂಗ್ ಅನ್ನೋದು ಒಂದು ಸಂಖ್ಯೆ ಅಲ್ಲ, ಅದೊಂದು ಗ್ರಾಫು. ಎಕ್ಸ್ ಅಕ್ಷದಲ್ಲಿ ಆರ್‌ಪಿಎಂ, ವೈ ಅಕ್ಷದಲ್ಲಿ ಡಿಗ್ರಿ. ಮ್ಯಾನುಯಲ್‌ನಲ್ಲಿ ದಪ್ಪಕ್ಷರದಲ್ಲಿ ಇರೋ ಡಿಗ್ರಿ ಆ ಗ್ರಾಫಿನ ಮೊದಲ ಚುಕ್ಕೆ ಅಷ್ಟೇ. ಮೊದಲ ಚುಕ್ಕೆ ಸರಿ ಇದ್ದು ಉಳಿದ ಗೆರೆ ತಪ್ಪಿರಬಹುದು. ಈ ಸಾಧ್ಯತೆ ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ.

ಡೆಲ್ಕೊ ಒಳಗೆ ಏನಿದೆ

ಈ ಗ್ರಾಫನ್ನು ಈಗಿನ ಕಾರಿನಲ್ಲಿ ಇ.ಸಿ.ಯು. ನೋಡ್ಕೊಳ್ಳುತ್ತೆ. ಅಂಬಾಸಿಡರ್‌ನಲ್ಲಿ ಚಿಪ್ಪೂ ಇಲ್ಲ, ಸೆನ್ಸರೂ ಇಲ್ಲ. ಡಿಸ್ಟ್ರಿಬ್ಯೂಟರ್ ಅನ್ನೋ, ಕೈಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ ಇದೆ. ಕೆಲವು ಹಳೇ ಮೆಕ್ಯಾನಿಕ್‌ಗಳು ಇದನ್ನು ಡೆಲ್ಕೊ ಅಂತಾರೆ. ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಅನ್ನೋದರ ಚುಟುಕು ಹೆಸರು ಅದು. ಬ್ಯಾಟರಿ, ಕಾಯಿಲ್, ಪಾಯಿಂಟ್ ಇರೋ ಈ ಇಗ್ನಿಷನ್ ಪದ್ಧತಿಯನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಅಮೆರಿಕದಲ್ಲಿ ಕಟ್ಟಿದ ಕಂಪನಿ. ಅಂಬಾಸಿಡರ್‌ನ ಡಿಸ್ಟ್ರಿಬ್ಯೂಟರ್ ಮಾತ್ರ ಲ್ಯೂಕಾಸ್ ವಿನ್ಯಾಸದ್ದು! ವನಸ್ಪತಿಗೆಲ್ಲ ಡಾಲ್ಡಾ ಅನ್ನೋ ಹಾಗೆ ಹೆಸರು ಅಂಟಿಕೊಂಡಿದೆ.

ಮೇಲಿನ ಮುಚ್ಚಳ ತೆಗೆದರೆ ರೋಟರ್ ಕಾಣುತ್ತೆ. ಅದರ ಕೆಳಗೆ ನಾಲ್ಕು ಮೂಲೆಯ ಕ್ಯಾಮ್. ಪಕ್ಕದಲ್ಲಿ ಸಿ.ಬಿ. ಪಾಯಿಂಟ್, ಕೆಲವರ ಬಾಯಲ್ಲಿ ಪ್ಲಾಟಿನಂ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಒಳಗೆ ಕರೆಂಟ್ ಹರಿದು ಮ್ಯಾಗ್ನೆಟಿಕ್ ಫೀಲ್ಡ್ ಕಟ್ಟುತ್ತೆ. ಕ್ಯಾಮ್‌ನ ಮೂಲೆ ಬಂದು ಪಾಯಿಂಟನ್ನು ತೆರೆದ ಕ್ಷಣ ಆ ಫೀಲ್ಡ್ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತೆ, ರೋಟರ್ ಅದನ್ನು ಸರದಿ ಬಂದ ಪ್ಲಗ್ಗಿಗೆ ಕಳಿಸುತ್ತೆ. ಸರದಿ 1-3-4-2. ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದ್ದು. ಕಿಡಿ ಹಾರೋದು ಪಾಯಿಂಟ್ ಮುಚ್ಚಿದಾಗ ಅಲ್ಲ, ತೆರೆದಾಗ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದ್ದು ಸಲೀಸು.

ಈ ತೆರೆಯೋ ಗಳಿಗೆಯನ್ನು ಮೂರು ವಿಷಯ ಸೇರಿ ತೀರ್ಮಾನ ಮಾಡುತ್ತವೆ. ಒಂದು, ಡಬ್ಬಿಯನ್ನು ಎಂಜಿನ್ ಮೇಲೆ ಯಾವ ಕೋನದಲ್ಲಿ ತಿರುಗಿಸಿ ಬಿಗಿ ಮಾಡಿದ್ದೀವಿ ಅನ್ನೋದು. ಎರಡು, ಪಾಯಿಂಟ್ ಕೂತಿರೋ ತಟ್ಟೆಯ ಅಡಿಯಲ್ಲಿ ಅಡಗಿರೋ ಎರಡು ತೂಕದ ತುಂಡುಗಳು. ಜಾತ್ರೆಯ ತೊಟ್ಟಿಲು ವೇಗ ಹಿಡಿದಾಗ ಕುರ್ಚಿಗಳು ಹೊರಕ್ಕೆ ಚಾಚೋ ಹಾಗೆ ಇವು ಹೊರಕ್ಕೆ ಹೋಗುತ್ತವೆ, ಹೋಗ್ತಾ ಕ್ಯಾಮನ್ನು ತಿರುಗೋ ದಿಕ್ಕಿನಲ್ಲಿ ಸ್ವಲ್ಪ ಮುಂದಕ್ಕೆ ನೂಕುತ್ತವೆ. ಎರಡು ಸ್ಪ್ರಿಂಗ್ ಅವನ್ನು ಹಿಡಿದಿರುತ್ತೆ. ಮೂರು, ಪಕ್ಕದಲ್ಲಿ ಅಂಟಿಕೊಂಡಿರೋ ವ್ಯಾಕ್ಯೂಮ್ ಯೂನಿಟ್. ಒಂದು ಸಣ್ಣ ಪೈಪಿನಲ್ಲಿ ಕಾರ್ಬುರೇಟರ್‌ಗೆ ಸೇರಿರುತ್ತೆ. ಆಕ್ಸಿಲರೇಟರ್ ಅರ್ಧಂಬರ್ಧ ತುಳಿದು ಆರಾಮಾಗಿ ಓಡಿಸ್ತಿರುವಾಗ ಅಲ್ಲಿ ಎಳೆತ ಹುಟ್ಟಿ, ಪಾಯಿಂಟ್ ಇರೋ ತಟ್ಟೆಯನ್ನು ಹಿಂದಕ್ಕೆ ಎಳೆದು ಇನ್ನೂ ಕೆಲವು ಡಿಗ್ರಿ ಅಡ್ವಾನ್ಸ್ ಕೊಡುತ್ತೆ. ಕಡಿಮೆ ಪೆಟ್ರೋಲ್-ಗಾಳಿ ತುಂಬಿದಾಗ ಉರಿ ನಿಧಾನ, ಅದಕ್ಕೇ ಈ ಏರ್ಪಾಟು. ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಳೆತ ಹೆಚ್ಚುಕಡಿಮೆ ಸೊನ್ನೆ, ವ್ಯಾಕ್ಯೂಮ್ ಅಡ್ವಾನ್ಸ್ ಕೂಡ ಸೊನ್ನೆ.

ಈ ಕೊನೇ ವಾಕ್ಯವನ್ನು ದಯವಿಟ್ಟು ಇನ್ನೊಂದು ಸಲ ಓದಿ. ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮಾರ್ಕ್ 2 ಅಂಬಾಸಿಡರ್‌ನ ಕಥೆ ಪೂರ್ತಿ ಅದರಲ್ಲೇ ಇದೆ.

ಆ ಕಾರು ಶಿವಮೊಗ್ಗಕ್ಕೆ ಹೋಗಿ ಬಂದರೆ ಏನೂ ತಕರಾರಿಲ್ಲ. ಉಡುಪಿಗೆ ಇಳಿಯುವಾಗಲೂ ಇಲ್ಲ. ವಾಪಸ್ ಆಗುಂಬೆ ಘಾಟಿ ಹತ್ತುವಾಗ ಮಾತ್ರ, 14 ತಿರುವಿನಲ್ಲಿ ಅರ್ಧ ದಾಟೋದರೊಳಗೆ ಕುದಿಯೋದು. ಬಾನೆಟ್ ಎತ್ತಿ, ಅರ್ಧ ಗಂಟೆ ಕಾದು, ನೀರು ಹಾಕಿ ಮುಂದಕ್ಕೆ. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿದರು. ಆಮೇಲೆ ಥರ್ಮೋಸ್ಟಾಟ್ ತೆಗೆದು ಬಿಸಾಕಿದರು. ಟೈಮಿಂಗ್ ನೋಡಿಲ್ಲ ಅಂತ ಅಲ್ಲ, ಲೈಟ್ ಹಿಡಿದು ನೋಡಿದ್ದರು, ‘ಪರ್ಫೆಕ್ಟ್ ಇದೆ’ ಅಂದಿದ್ದರು. ಕೊನೆಗೆ ಉಳಿದಿದ್ದು ಬೋರಿಂಗ್. ಅದಕ್ಕೆ ಹೇಳಿದ ದುಡ್ಡು ಕೇಳಿ ಮನೆಯಲ್ಲಿ ಎಲ್ಲರೂ ‘ಇನ್ನು ಸಾಕು, ಗುಜರಿಗೆ ಕೊಡಿ’ ಅನ್ನೋಕೆ ಶುರು ಮಾಡಿದ್ದರು. ಗುಜರಿಯವನು ಒಂದು ಸಲ ಬಂದು ಸುತ್ತ ನೋಡಿಕೊಂಡೂ ಹೋಗಿದ್ದ.

ಆಗ ಹಿಂದೆ ಟ್ಯಾಕ್ಸಿ ಅಂಬಾಸಿಡರ್‌ಗಳ ಕೆಲಸ ಮಾಡ್ತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ದೊಡ್ಡಪ್ಪ ಮನೆಗೇ ಕರೆಸಿದರು. ಅವರು ಟೂಲ್ ಬಾಕ್ಸ್ ಕೂಡ ತೆಗೆಯಲಿಲ್ಲ. ಕ್ಲಿಪ್ ಎರಡು ಬಿಡಿಸಿ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರು, ರೋಟರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸೋಕೆ ನೋಡಿದರು. ‘ಅಂಟ್ಕೊಂಡಿದೆ ನೋಡಿ’ ಅಂದರು. ಅಷ್ಟೇ.

ತೂಕದ ತುಂಡುಗಳು ಇರೋ ಜಾಗದಲ್ಲಿ ಎಣ್ಣೆ ಒಣಗಿ, ಕ್ಯಾಮ್ ತನ್ನ ಸ್ಪಿಂಡಲ್‌ಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಹಾಗಾಗಿ ಆರ್‌ಪಿಎಂ ಎಷ್ಟೇ ಏರಿದರೂ ಕಿಡಿ ಐಡ್ಲಿಂಗ್‌ನ ಡಿಗ್ರಿಯಲ್ಲೇ ಹಾರ್ತಿತ್ತು. ಸಪಾಟು ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುವಾಗ ವ್ಯಾಕ್ಯೂಮ್ ಯೂನಿಟ್ ತನ್ನ ಪಾಲಿನ ಡಿಗ್ರಿ ಸೇರಿಸಿ ಮಾನ ಉಳಿಸ್ತಿತ್ತು. ಘಾಟಿಯಲ್ಲಿ ಪೂರ್ತಿ ತುಳಿದಾಗ ಅದೂ ಕೈಕೊಡ್ತಿತ್ತು. ಕಿಡಿ ತಡ ಆದರೆ ಪಿಸ್ಟನ್ ಕೆಳಗೆ ಇಳೀತಾ ಇದ್ದರೂ ಉರಿ ಇನ್ನೂ ನಡೀತಿರುತ್ತೆ. ಕೆಲಸ ಆಗಬೇಕಿದ್ದ ಶಾಖ ಎಕ್ಸಾಸ್ಟ್ ವಾಲ್ವ್ ದಾಟಿ ಹೊರಗೆ ಹೋಗುತ್ತೆ, ಹೋಗೋ ದಾರಿಯಲ್ಲಿ ಸಿಲಿಂಡರ್ ಹೆಡ್ಡಿನ ನೀರಿಗೆ ಸೇರುತ್ತೆ. ಪವರ್ ಸಾಲಲ್ಲ ಅಂತ ಡ್ರೈವರ್ ಇನ್ನೂ ಒತ್ತುತ್ತಾನೆ, ಇನ್ನೂ ಪೆಟ್ರೋಲ್ ಹೋಗುತ್ತೆ, ಇನ್ನೂ ಬಿಸಿ. ರೇಡಿಯೇಟರ್ ಪಾಪ ತನ್ನ ಕೆಲಸ ಮಾಡ್ತಾನೇ ಇತ್ತು. ಗ್ಯಾರೇಜಿನವರು ಲೈಟ್ ಹಿಡಿದು ನೋಡಿದ್ದೂ ಸುಳ್ಳಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ನೋಡಿದ್ದರು.

ಹುಡುಕೋ ಕ್ರಮ

ಮೊದಲು ಲಕ್ಷಣ. ಕಿಡಿ ತಡವಾಗ್ತಿದ್ದರೆ ಗಾಡಿ ಮಂಕು, ಬಿಸಿ, ಪೆಟ್ರೋಲ್ ಖರ್ಚು, ಕೆಲವೊಮ್ಮೆ ಸೈಲೆನ್ಸರ್‌ನಲ್ಲಿ ಪಟಾಕಿ. ಅತಿಯಾಗಿ ಮುಂಚೆ ಹಾರ್ತಿದ್ದರೆ ಟಾಪ್ ಗೇರಿನಲ್ಲಿ ಏರು ಹತ್ತುವಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಸದ್ದು, ಅದೇ ನಾಕಿಂಗ್. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸೆಲ್ಫ್ ಮೋಟರ್ ಯಾರೋ ಹಿಡಿದು ನಿಲ್ಲಿಸಿದ ಹಾಗೆ ತಡವರಿಸೋದು ಇದರ ಇನ್ನೊಂದು ಗುರುತು. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು, ಹ್ಯಾಂಡಲ್ ವಾಪಸ್ ಒದೆಯುತ್ತೆ, ಮಣಿಕಟ್ಟು ಮುರಿಯೋ ಹಾಗೆ. ಎರಡರಲ್ಲಿ ಯಾವುದು ಕೆಟ್ಟದ್ದು ಅಂದರೆ ಅಡ್ವಾನ್ಸ್ ಜಾಸ್ತಿ ಆಗೋದೇ. ರಿಟಾರ್ಡ್ ಆದ ಎಂಜಿನ್ ನಿಮ್ಮನ್ನು ದಾರಿಯಲ್ಲಿ ನಿಲ್ಲಿಸುತ್ತೆ, ನಾಕಿಂಗ್ ಬಹಳ ದಿನ ಕೇಳಿಸಿಕೊಳ್ಳದೆ ಓಡಿಸಿದ ಎಂಜಿನ್ ಪಿಸ್ಟನ್ನನ್ನೇ ತಿನ್ನುತ್ತೆ.

ಒಂದೇ ಸಿಲಿಂಡರ್ ಮಿಸ್ಸಿಂಗ್ ಹೊಡೀತಿದ್ದರೆ, ಅಥವಾ ಬಂದು ಹೋಗಿ ಮಾಡ್ತಿದ್ದರೆ, ಅದು ಟೈಮಿಂಗ್ ಅಲ್ಲ. ಡಬ್ಬಿ ತಿರುಗಿಸಿಟ್ಟ ಕೋನ ತಪ್ಪಿದ್ದರೆ ನಾಲ್ಕಕ್ಕೂ ಒಂದೇ ರೀತಿ ತಪ್ಪುತ್ತೆ. ಒಂದಕ್ಕೆ ಮಾತ್ರ ಆದರೆ ಪ್ಲಗ್, ವೈರ್, ಮುಚ್ಚಳದಲ್ಲಿ ಕೂದಲೆಳೆಯ ಬಿರುಕು ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದ ಒಳಗೆ ತೇವ ಕೂತೇ ಅರ್ಧ ಗಾಡಿಗಳು ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಪಾಯಿಂಟ್ ಪದೇ ಪದೇ ಸುಟ್ಟು ಕರಕಲಾಗ್ತಿದ್ದರೆ, ತೆರೆಯುವಾಗ ಅಲ್ಲೇ ದೊಡ್ಡ ಕಿಡಿ ಕಾಣ್ತಿದ್ದರೆ ಕಂಡೆನ್ಸರ್ ಹೋಗಿದೆ. ಸುಮಾರು 0.2 ಮೈಕ್ರೋಫ್ಯಾರಡ್‌ನ ಒಂದು ಪುಟ್ಟ ಕೊಳವೆ ಅದು. ಬಿಸಿ ಆದಮೇಲೆ ಮಾತ್ರ ಕೈಕೊಡೋ ಚಾಳಿ ಇದಕ್ಕೂ ಇದೆ, ಕಾಯಿಲ್‌ಗೂ ಇದೆ, ಅದಕ್ಕೇ ಇವೆರಡನ್ನು ಟೈಮಿಂಗ್ ಅಂತ ತಪ್ಪು ತಿಳಿಯೋದು.

ಇವೆಲ್ಲ ಅಲ್ಲ ಅಂತಾದ ಮೇಲೆ ಪಾಯಿಂಟ್ ಗ್ಯಾಪ್. ಟೈಮಿಂಗ್ ಮುಟ್ಟೋಕೆ ಮುಂಚೆ ಇದನ್ನೇ ಯಾಕೆ ನೋಡಬೇಕು ಅಂದರೆ, ಗ್ಯಾಪ್ ಬದಲಾದರೆ ಟೈಮಿಂಗ್ ತಾನೇ ಬದಲಾಗುತ್ತೆ. ಗ್ಯಾಪ್ ಅಗಲ ಇದ್ದರೆ ಕ್ಯಾಮ್ ಮೂಲೆ ಪಾಯಿಂಟನ್ನು ಬೇಗ ತೆರೆಯುತ್ತೆ, ಟೈಮಿಂಗ್ ಅಡ್ವಾನ್ಸ್. ಕಿರಿದಾಗಿದ್ದರೆ ತಡವಾಗಿ ತೆರೆಯುತ್ತೆ, ರಿಟಾರ್ಡ್. ಓಡಿಸ್ತಾ ಓಡಿಸ್ತಾ ಕ್ಯಾಮ್‌ಗೆ ಉಜ್ಜೋ ಹಿಮ್ಮಡಿ ಸವೆಯುತ್ತೆ, ಗ್ಯಾಪ್ ಕಿರಿದಾಗುತ್ತೆ. ಅಂದರೆ ಯಾರೂ ಮುಟ್ಟದೇ ಇದ್ದರೂ ಈ ಕಾರುಗಳು ಕಾಲ ಕಳೆದ ಹಾಗೆ ರಿಟಾರ್ಡ್ ಕಡೆಗೇ ಜಾರುತ್ತವೆ. ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಕ್ಯಾಮ್ ಮೂಲೆ ಸರಿಯಾಗಿ ಹಿಮ್ಮಡಿಯ ಕೆಳಗೆ ಬರೋವರೆಗೆ ಹ್ಯಾಂಡಲ್‌ನಲ್ಲಿ ಎಂಜಿನ್ ತಿರುಗಿಸಿ ಅಳೀಬೇಕು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ವಿಸಿಟಿಂಗ್ ಕಾರ್ಡ್ ಸಾಕು, ಮನೆ ಮುಟ್ಟಿಸುತ್ತೆ. ಪಾಯಿಂಟ್ ಮೇಲೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಫೀಲರ್ ಗೇಜ್ ಗುಬುಟಿನ ಮೇಲೆ ಕೂತು ಸುಳ್ಳು ಹೇಳುತ್ತೆ. ಆಗ ಹೊಸ ಪಾಯಿಂಟ್ ಹಾಕೋದೇ ವಾಸಿ, ಎಮೆರಿ ಕಾಗದದಲ್ಲಿ ಉಜ್ಜಿ ಎಷ್ಟು ದಿನ? ಡ್ವೆಲ್ ಮೀಟರ್ ಇದ್ದವರು 60 ಡಿಗ್ರಿ ನೋಡಿಕೊಳ್ಳಿ. ಕ್ಯಾಮ್‌ನ ಪ್ರತಿ 90 ಡಿಗ್ರಿಯಲ್ಲಿ 60 ಡಿಗ್ರಿ ಪಾಯಿಂಟ್ ಮುಚ್ಚಿರಬೇಕು ಅಂತ ಅರ್ಥ.

ರೋಟರನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಿಯೂ ನೋಡಿ. ಸ್ಪಿಂಡಲ್‌ನ ಬುಷ್ ಸವೆದಿದ್ದರೆ ಲೊಡಲೊಡ ಅನ್ನುತ್ತೆ. ಹಾಗಿದ್ದಾಗ ಗ್ಯಾಪು ಸುತ್ತಿಗೊಂದು ಥರ ಆಗುತ್ತೆ, ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್. ಅದನ್ನು ಸರಿ ಮಾಡದೆ ಮುಂದಿನ ಯಾವ ಅಳತೆಯನ್ನೂ ನಂಬೋ ಹಾಗಿಲ್ಲ.

ಆಮೇಲೆ ಬಲ್ಬಿನ ಪರೀಕ್ಷೆ. ಇದು ಎಂಜಿನ್ ನಿಂತಿರುವಾಗ ಮಾಡೋದು. ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತೆ, ಅದರ ಹತ್ತಿರ ಟೈಮಿಂಗ್ ಕವರ್ ಮೇಲೆ ಮುಳ್ಳಿನ ಹಾಗೆ ಗುರುತುಗಳು. ಉದ್ದದ ಮುಳ್ಳು ಮೇಲಿನ ತುದಿಯದ್ದು. ವರ್ಷಗಳ ಗ್ರೀಸ್ ಕೆರೆದು ತೆಗೆದು ಕಚ್ಚಿಗೆ ಚೂರು ಬಿಳಿ ಪೇಂಟ್ ಹಚ್ಚಿ. ಒಂದನೇ ಪ್ಲಗ್ ತೆಗೆದು ತೂತಿಗೆ ಹೆಬ್ಬೆಟ್ಟು ಇಟ್ಟು ಹ್ಯಾಂಡಲ್ ತಿರುಗಿಸಿದರೆ ಗಾಳಿ ಒತ್ತಿಕೊಂಡು ಬರೋ ಸುತ್ತು ಯಾವುದು ಅಂತ ಗೊತ್ತಾಗುತ್ತೆ, ನಮಗೆ ಬೇಕಾಗಿರೋದು ಆ ಸುತ್ತು. 12 ವೋಲ್ಟಿನ ಬಲ್ಬಿನ ಒಂದು ತುದಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರೋ ಸಣ್ಣ ವೈರಿನ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಕೊಡಿ. ಇಗ್ನಿಷನ್ ಆನ್. ಪಾಯಿಂಟ್ ಮುಚ್ಚಿರೋವರೆಗೆ ಬಲ್ಬು ಆರಿರುತ್ತೆ, ತೆರೆದ ಕ್ಷಣ ಹೊತ್ತಿಕೊಳ್ಳುತ್ತೆ. ಎಂಜಿನ್ನನ್ನು ಅದು ತಿರುಗೋ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ, ಬಲ್ಬು ಹೊತ್ತಿದಾಗ ಕಚ್ಚು ಎಲ್ಲಿದೆ ನೋಡಿ. ದಾಟಿಹೋದರೆ ಹಾಗೇ ಹಿಂದಕ್ಕೆ ತರಬೇಡಿ. ಚೈನಿನಲ್ಲೂ ಗೇರಿನಲ್ಲೂ ಸಡಿಲ ಇರುತ್ತೆ. ಬಹಳ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಕಚ್ಚು ಮ್ಯಾನುಯಲ್ ಹೇಳಿದ ಡಿಗ್ರಿಯಲ್ಲಿ ಇಲ್ಲದಿದ್ದರೆ ಡಬ್ಬಿಯ ಬೋಲ್ಟ್ ಸಡಿಲ ಮಾಡಿ ತಿರುಗಿಸಬೇಕು. ಈ ಎಂಜಿನ್‌ನಲ್ಲಿ ಮೇಲಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತೆ. ಹಾಗಾಗಿ ಡಬ್ಬಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಅಡ್ವಾನ್ಸ್, ಎದುರು ದಿಕ್ಕಿಗೆ ರಿಟಾರ್ಡ್. ಪರೀಕ್ಷೆಗೆ ಎಷ್ಟು ಡಿಗ್ರಿ ಅಂತ ನನ್ನನ್ನು ಕೇಳಬೇಡಿ, ಕಂಪ್ರೆಷನ್ ರೇಷಿಯೋ ಬದಲಾದ ಹಾಗೆ ಅದೂ ಬದಲಾಗುತ್ತೆ. ನಿಮ್ಮ ಎಂಜಿನ್ನಿನ ಮ್ಯಾನುಯಲ್ಲೇ ಪ್ರಮಾಣ.

ಇಲ್ಲಿಗೆ ಗ್ರಾಫಿನ ಮೊದಲ ಚುಕ್ಕೆ ಸಿಕ್ಕಿತು. ಬಹಳ ಜನ ನಿಲ್ಲಿಸೋದು ಇಲ್ಲೇ.

ಉಳಿದ ಗೆರೆ ನೋಡೋಕೆ ಮೊದಲು ಮೇಸ್ತ್ರಿ ಮಾಡಿದ ಪರೀಕ್ಷೆ: ರೋಟರನ್ನು ಅದು ತಿರುಗೋ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ ಬಿಡಿ. ಸ್ವಲ್ಪ ತಿರುಗಿ, ಸ್ಪ್ರಿಂಗ್ ಎಳೆತಕ್ಕೆ ಟಕ್ ಅಂತ ವಾಪಸ್ ಬರಬೇಕು. ತಿರುಗದೇ ಇದ್ದರೆ ಅಂಟಿದೆ. ತಿರುಗಿ ಅಲ್ಲೇ ನಿಂತರೆ ಸ್ಪ್ರಿಂಗ್ ಹೋಗಿದೆ, ಆಗ ಐಡ್ಲಿಂಗ್‌ನಲ್ಲೇ ಪೂರ್ತಿ ಅಡ್ವಾನ್ಸ್. ಎರಡು ಸ್ಪ್ರಿಂಗಿನಲ್ಲಿ ಒಂದು ಸಡಿಲವಾಗಿ ಜೋತಾಡ್ತಿದ್ದರೆ ಗಾಬರಿಯಾಗಿ ಬಗ್ಗಿಸಿ ಬಿಗಿ ಮಾಡೋಕೆ ಹೋಗಬೇಡಿ. ಎಷ್ಟೋ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಅದನ್ನು ಬೇಕಂತಲೇ ಹಾಗೆ ಮಾಡಿರ್ತಾರೆ. ಮೊದಲು ಒಂದೇ ಸ್ಪ್ರಿಂಗ್ ಕೆಲಸ ಮಾಡಿ ಗ್ರಾಫ್ ಬೇಗ ಏರುತ್ತೆ, ಆಮೇಲೆ ಎರಡನೆಯದು ಸೇರಿಕೊಂಡು ಇಳಿಜಾರು ಕಡಿಮೆ ಆಗುತ್ತೆ. ಒಂದು ಕೊಂಡಿ ಉದ್ದ ಮಾಡಿ ಎರಡು ಸ್ಲೋಪ್ ಪಡೆಯೋದು! ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಇಂಥದ್ದಕ್ಕೆ ಒಂದು ಚಾಪ್ಟರ್ ಹಾಳು ಮಾಡ್ತಾರೆ.

ಟೈಮಿಂಗ್ ಲೈಟ್ ಸಿಕ್ಕಿದರೆ ಇನ್ನೂ ಖಾತ್ರಿ. ಅದರ ಕ್ಲಾಂಪನ್ನು ಒಂದನೇ ಪ್ಲಗ್ಗಿನ ವೈರಿಗೆ ಹಾಕಿದರೆ ಆ ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಲೈಟ್ ಮಿಂಚುತ್ತೆ, ಆ ಬೆಳಕಲ್ಲಿ ಪುಲ್ಲಿ ನಿಂತ ಹಾಗೆ ಕಾಣುತ್ತೆ. ನಿಂತಿಲ್ಲ! ಫ್ಯಾನ್ ಪಕ್ಕದಲ್ಲೇ ಇದೆ. ಕುತ್ತಿಗೆಯಲ್ಲಿ ನೇತಾಡೋ ಕಾಲೇಜ್ ಐಡಿ ಕಾರ್ಡ್, ದುಪಟ್ಟಾ, ಸಡಿಲ ತೋಳು ಎಲ್ಲ ಮೊದಲು ತೆಗೆದಿಡಿ ಅಥವಾ ಒಳಗೆ ಸಿಕ್ಕಿಸಿ. ವ್ಯಾಕ್ಯೂಮ್ ಪೈಪ್ ಕಿತ್ತು ಕಾರ್ಬುರೇಟರ್ ಕಡೆಯ ತುದಿ ಮುಚ್ಚಿ, ಐಡ್ಲಿಂಗ್‌ನಲ್ಲಿ ಕಚ್ಚು ಎಲ್ಲಿ ಕಾಣುತ್ತೆ ನೋಡಿ. ಆಮೇಲೆ ಗೆಳೆಯರೊಬ್ಬರಿಗೆ ನಿಧಾನವಾಗಿ ಆಕ್ಸಿಲರೇಟರ್ ಕೊಡೋಕೆ ಹೇಳಿ. ಕಚ್ಚು ಮುಳ್ಳುಗಳನ್ನು ಬಿಟ್ಟು ಅಡ್ವಾನ್ಸ್ ಕಡೆಗೆ ನಯವಾಗಿ ಜರುಗುತ್ತಾ ಹೋಗಬೇಕು, ಬಿಟ್ಟಾಗ ಅಷ್ಟೇ ನಯವಾಗಿ ವಾಪಸ್ ಬರಬೇಕು. ಜರುಗದೇ ಇದ್ದರೆ ದೊಡ್ಡಪ್ಪನ ಕಾರು. ಒಂದು ಹಂತದಲ್ಲಿ ಸಿಕ್ಕಿಕೊಂಡು ಪಟ್ ಅಂತ ಹಾರಿದರೆ ಅರ್ಧ ಅಂಟಿದೆ. ಜರುಗೋ ಬದಲು ನಿಂತಲ್ಲೇ ನಡುಗ್ತಿದ್ದರೆ ಬುಷ್ ಸವೆದಿದೆ, ಇಲ್ಲಾ ಟೈಮಿಂಗ್ ಚೈನ್ ಜೋತುಬಿದ್ದಿದೆ. ಎಷ್ಟು ಡಿಗ್ರಿ ಜರುಗಿತು ಅಂತ ಅಳೀಬೇಕಾದರೆ ಪುಲ್ಲಿಯ ಸುತ್ತಳತೆಯನ್ನು ದಾರದಲ್ಲಿ ತೆಗೆದು 360ರಿಂದ ಭಾಗಿಸಿ. ಸುತ್ತಳತೆ 400 ಮಿಲಿಮೀಟರ್ ಬಂದರೆ 20 ಡಿಗ್ರಿ ಅಂದರೆ ಸುಮಾರು 22 ಮಿಲಿಮೀಟರ್. ಅಷ್ಟು ದೂರಕ್ಕೆ ಇನ್ನೊಂದು ಪೇಂಟ್ ಗೆರೆ ಎಳೆದರೆ ಸಾಕು.

ವ್ಯಾಕ್ಯೂಮ್ ಯೂನಿಟ್‌ಗೆ ಯಂತ್ರ ಏನೂ ಬೇಡ. ಪೈಪಿನ ತುದಿ ಬಾಯಲ್ಲಿಟ್ಟು ಎಳೆದು ನಾಲಿಗೆಯಿಂದ ಮುಚ್ಚಿ. ಒಳಗಿನ ತಟ್ಟೆ ಸರಿದು ಹಾಗೇ ನಿಂತರೆ ಡಯಾಫ್ರಾಮ್ ಚೆನ್ನಾಗಿದೆ. ಗಾಳಿ ಸರಾಗವಾಗಿ ಬಂದರೆ ಹರಿದಿದೆ. ಹರಿದಿದ್ದರೆ ಗಾಡಿ ನಿಲ್ಲಲ್ಲ, ಹೈವೇಯಲ್ಲಿ ಮೈಲೇಜ್ ಮಾತ್ರ ಮೆಲ್ಲಗೆ ಕರಗುತ್ತೆ.

ಗುರುತೇ ಸುಳ್ಳಾದರೆ?

ಅರ್ಧ ಶತಮಾನದಲ್ಲಿ ಯಾರೋ ಬೇರೆ ಗಾಡಿಯ ಪುಲ್ಲಿ ಹಾಕಿರಬಹುದು. ಕೆಲವು ಎಂಜಿನ್‌ಗಳಲ್ಲಿ ಪುಲ್ಲಿ ಎರಡು ಭಾಗ ಇದ್ದು ನಡುವೆ ರಬ್ಬರ್ ಇರುತ್ತೆ, ರಬ್ಬರ್ ಹಳತಾಗಿ ಹೊರಗಿನ ಭಾಗ ಜಾರಿದರೆ ಕಚ್ಚೂ ಜಾರಿರುತ್ತೆ. ಅನುಮಾನ ಬಂದರೆ ಮೇಲಿನ ತುದಿಯನ್ನು ನಾವೇ ಹುಡುಕಬೇಕು. ಪಿಸ್ಟನ್ ತುದಿಯ ಹತ್ತಿರ ಬಂದಾಗ ಹಲವು ಡಿಗ್ರಿ ಹೆಚ್ಚುಕಡಿಮೆ ಅಲುಗಾಡದೆ ನಿಂತ ಹಾಗಿರುತ್ತೆ, ಕಡ್ಡಿ ಇಟ್ಟು ‘ಇದೇ ತುದಿ’ ಅಂತ ಹೇಳೋಕೆ ಆಗಲ್ಲ. ಅದಕ್ಕೆ ಒಂದು ಚಂದದ ಉಪಾಯ ಇದೆ. ಬ್ಯಾಟರಿ ವೈರ್ ಕಳಚಿ, ಎಲ್ಲ ಪ್ಲಗ್ ತೆಗೆದು, ಒಂದನೇ ತೂತಿಗೆ ಪಿಸ್ಟನ್ ತುದಿ ಮುಟ್ಟೋ ಮುಂಚೆ ತಡೆಯೋ ಹಾಗೆ ತುದಿ ನುಣುಪಾದ ಒಂದು ಬೋಲ್ಟ್ ಕೂರಿಸಿ. ಕೈಯಿಂದ ಮೆತ್ತಗೆ ಒಂದು ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತಾಗಿ ನಿಂತಾಗ ಪುಲ್ಲಿ ಮೇಲೆ ಗುರುತು ಮಾಡಿ. ಎದುರು ದಿಕ್ಕಿಗೆ ತಿರುಗಿಸಿ, ತಾಗಿದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಇರೋದೇ ನಿಜವಾದ ಮೇಲಿನ ತುದಿ. ಸಮ್ಮಿತಿ ಒಂದನ್ನೇ ನಂಬಿ ಡಿಗ್ರಿ ಮಟ್ಟದ ಅಳತೆ ಸಿಗೋದು ನನಗಂತೂ ಬಹಳ ಇಷ್ಟ ಆಯ್ತು.

ಅಂಟಿಕೊಂಡಿದ್ದನ್ನು ಬಿಡಿಸೋದು ದೊಡ್ಡ ಕೆಲಸ ಅಲ್ಲ. ಡಬ್ಬಿ ಹೊರಗೆ ತೆಗೆಯುವಾಗ ಅದನ್ನು ಕಚ್ಚಿ ಹಿಡಿದಿರೋ ಬೋಲ್ಟ್ ಮುಟ್ಟದೆ, ಆ ಹಿಡಿಕೆಯ ತಟ್ಟೆಯನ್ನು ಎಂಜಿನ್‌ಗೆ ಸೇರಿಸಿರೋ ಸ್ಕ್ರೂಗಳನ್ನು ಬಿಚ್ಚಿದರೆ ಕೋನ ಹಾಗೇ ಉಳಿಯುತ್ತೆ. ಕೆಳಗಿನ ಕೊಂಡಿ ನಡುವಿನಿಂದ ಸ್ವಲ್ಪ ಸರಿದಿರೋದರಿಂದ ವಾಪಸ್ ಕೂರಿಸುವಾಗ ಒಂದೇ ರೀತಿ ಕೂರುತ್ತೆ, ತಪ್ಪೋಕೆ ಸಾಧ್ಯ ಇಲ್ಲ. ದೊಡ್ಡಪ್ಪನ ಕಾರಿನದ್ದನ್ನು ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಸಿಟ್ಟು, ಬೆಳಗ್ಗೆ ಕ್ಯಾಮ್ ಎತ್ತಿ, ತುಕ್ಕು ಉಜ್ಜಿ, ಎಣ್ಣೆ ಹಾಕಿ ಕೂರಿಸಿದರು. ಬೋರಿಂಗ್ ಆಗಲಿಲ್ಲ. ಥರ್ಮೋಸ್ಟಾಟ್ ಹೊಸದು ತರಬೇಕಾಯ್ತು, ಬಿಸಾಕಿದ್ದರಲ್ಲ. ಮತ್ತೆ ಅಂಟದ ಹಾಗೆ ಮಾಡೋದು ಇನ್ನೂ ಸುಲಭ: ಸರ್ವಿಸ್ ಮಾಡಿದಾಗಲೆಲ್ಲ ರೋಟರ್ ಎತ್ತಿ ಅದರ ಕೆಳಗಿನ ಸ್ಕ್ರೂ ಮೇಲೆ ಎರಡು ಮೂರು ಹನಿ ಎಂಜಿನ್ ಆಯಿಲ್, ತಟ್ಟೆಯ ಸಂದಿನಿಂದ ತೂಕದ ತುಂಡುಗಳಿಗೆ ಒಂದೆರಡು ಹನಿ, ಕ್ಯಾಮ್‌ಗೆ ಬೆರಳ ತುದಿಯಷ್ಟು ಗ್ರೀಸ್. ಪಾಯಿಂಟ್ ಮೇಲೆ ಮಾತ್ರ ಬೀಳಬಾರದು.

ಇನ್ನು ಪೆಟ್ರೋಲಿನ ವಿಷಯ. ಮ್ಯಾನುಯಲ್ ಬರೆದ ಕಾಲದ ಪೆಟ್ರೋಲೇ ಬೇರೆ. 2000ರಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು, ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20. ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ಹಾಗಾಗಿ ನಾಕಿಂಗ್ ಕಡಿಮೆಯಾಗುತ್ತೆ. ಆದರೆ ಪೂರ್ತಿ ಉರಿಯೋಕೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಒಂದು ಕಿಲೋ ಎಥನಾಲ್‌ಗೆ 9 ಕಿಲೋ ಸಾಕು. ಹಳೇ ಜೆಟ್ ಇರೋ ಕಾರ್ಬುರೇಟರ್‌ಗೆ ಇದು ಗೊತ್ತಿಲ್ಲ, ಮೊದಲಿನಷ್ಟೇ ಗಾಳಿ ಬಿಡುತ್ತೆ. ಮಿಶ್ರಣ ತೆಳುವಾಗುತ್ತೆ, ತೆಳು ಮಿಶ್ರಣ ನಿಧಾನ ಉರಿಯುತ್ತೆ, ಲಕ್ಷಣಗಳು ರಿಟಾರ್ಡ್ ಟೈಮಿಂಗ್‌ನ ಹಾಗೇ ಕಾಣುತ್ತವೆ. ಹಾಗಾಗಿ ಮೇಲಿನ ಪರೀಕ್ಷೆಗಳೆಲ್ಲ ಪಾಸಾಗಿಯೂ ಎಂಜಿನ್ ಮಂಕಾಗಿದ್ದರೆ ಆಗ ಕಾರ್ಬುರೇಟರ್ ಕಡೆ ತಿರುಗಬಹುದು, ಅದಕ್ಕೆ ಮುಂಚೆ ಬೇಡ.

ಇದೇ ಕಾರಣಕ್ಕೆ ಪುಸ್ತಕದ ಡಿಗ್ರಿ ಆರಂಭ ಮಾತ್ರ, ಕೊನೇ ತೀರ್ಮಾನ ರಸ್ತೆಯ ಮೇಲೆ. ಎಂಜಿನ್ ಚೆನ್ನಾಗಿ ಬಿಸಿ ಆದಮೇಲೆ ಒಂದು ಸಣ್ಣ ಏರಿನಲ್ಲಿ ಟಾಪ್ ಗೇರಿನಲ್ಲಿ ಕಡಿಮೆ ವೇಗದಿಂದ ಪೂರ್ತಿ ಆಕ್ಸಿಲರೇಟರ್ ತುಳಿದು ಕಿಟಕಿ ಇಳಿಸಿ ಕಿವಿಗೊಡಿ. ಸುಮಾರು ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗಳ ಪಕ್ಕದಲ್ಲಿ ಬೆರಳಲ್ಲೇ ತಿರುಗಿಸಬಹುದಾದ ಗೀರುಗೀರಿನ ಒಂದು ನಟ್ ಇರುತ್ತೆ, ‘ಎ’ ಮತ್ತು ‘ಆರ್’ ಅಂತ ಬಾಣದ ಗುರುತಿನ ಜೊತೆ. ಕಿಣಿಕಿಣಿ ಕೇಳಿದರೆ ಕೆಲವು ಕ್ಲಿಕ್ ‘ಆರ್’ ಕಡೆಗೆ, ಏನೂ ಕೇಳದೆ ಗಾಡಿ ಮಂಕು ಅನ್ನಿಸಿದರೆ ‘ಎ’ ಕಡೆಗೆ. ಸದ್ದು ಈಗ ಬಂತು ಅನ್ನೋ ಜಾಗ ಸಿಕ್ಕಿದ ಮೇಲೆ, ಅಲ್ಲಿಂದ ಅದು ಪೂರ್ತಿ ಹೋಗೋವರೆಗೆ ಹಿಂದಕ್ಕೆ ಬಂದು ನಿಲ್ಲಿಸಿ. ಮನೆಗೆ ಬಂದು ಲೈಟ್ ಹಿಡಿದು ಎಷ್ಟು ಡಿಗ್ರಿಗೆ ನಿಂತಿದೆ ಅಂತ ನೋಡಿ, ಪಾಯಿಂಟ್ ಗ್ಯಾಪಿನ ಜೊತೆ, ತಾರೀಖು ಹಾಕಿ, ಗ್ಲೋವ್ ಬಾಕ್ಸಿನಲ್ಲಿರೋ ಪುಸ್ತಕದಲ್ಲಿ ಬರೆದಿಡಿ.